ಕಂದು ನಾಯಿ, ನನ್ನ ಕಪ್ಪೆ ಮತ್ತು ಇನ್ನೂರು ರೂಪಾಯಿ ದಂಡ

ಮೊನ್ನೆ ಅಕ್ಕನ ಮಗಳು ಮನೆಗೆ ಬಂದಿದ್ದಳು. ಬಿ.ಎಸ್ಸಿ. ಓದುತ್ತಿದ್ದಾಳೆ, ಪ್ರಾಣಿಶಾಸ್ತ್ರ ಅವಳ ಒಂದು ವಿಷಯ. ಮಾತಿನ ಮಧ್ಯೆ "ಮಾಮ, ನೀವೆಲ್ಲ ನಿಜವಾದ ಕಪ್ಪೆ ಕೊಯ್ತಿದ್ರಂತೆ, ಹೌದಾ?" ಅಂತ ಕೇಳಿದಳು. ಅವರದ್ದೆಲ್ಲ ಕಂಪ್ಯೂಟರ್ ತೆರೆಯ ಮೇಲೆ, ಚಾರ್ಟು ಮಾಡೆಲ್ಲುಗಳ ಮೇಲೆ ಮುಗಿದುಹೋಗುತ್ತದಂತೆ. ಹೌದು ಅಂದೆ. "ಪಾಪ ಅನ್ನಿಸ್ತಿರಲಿಲ್ವಾ?" ಅಂದಳು. ಏನೋ ಹಾರಿಕೆಯ ಉತ್ತರ ಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ನಾನು ಎರಡನೇ ಪಿಯುಸಿ ಓದಿದ್ದು 1989ರಲ್ಲಿ, ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ. ಪ್ರಾಕ್ಟಿಕಲ್ ದಿನ ಅಟೆಂಡರು ಒದ್ದೆ ಗೋಣಿಚೀಲದಲ್ಲಿ ಕಪ್ಪೆಗಳನ್ನು ತರುತ್ತಿದ್ದ. ಅವನ್ನು ಗಾಜಿನ ಜಾಡಿಗೆ ಹಾಕಿ, ಕ್ಲೋರೋಫಾರಂ ಅದ್ದಿದ ಹತ್ತಿ ಎಸೆದು, ಮುಚ್ಚಳ ಹಾಕುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು. ಮೇಣದ ಟ್ರೇ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಗುಂಡುಪಿನ್ನು ಚುಚ್ಚಿ, ಹೊಟ್ಟೆಯ ಚರ್ಮ ಎತ್ತಿ ಕತ್ತರಿ ಹಾಕಬೇಕು. ನಿಮ್ಮಲ್ಲಿ ಸೈನ್ಸ್ ತೆಗೆದುಕೊಂಡವರಿಗೆ ಆ ವಾಸನೆ ಈಗಲೂ ನೆನಪಿರಬಹುದು.

ಒಂದು ದಿನ ನನ್ನ ಕಪ್ಪೆಯ ಕಾಲು ಅಲ್ಲಾಡಿತು. ಚರ್ಮ ಕತ್ತರಿಸಿ ಆಗಿತ್ತು. "ಸಾರ್, ಇದು ಅಲ್ಲಾಡ್ತಿದೆ" ಅಂದೆ. ಲೆಕ್ಚರರು ಅಲ್ಲಿಂದಲೇ ನೋಡಿ, "ರಿಫ್ಲೆಕ್ಸ್ ಕಣೋ ಅದು. ಸತ್ತ ಮೇಲೂ ಅಲ್ಲಾಡತ್ತೆ. ಮುಂದುವರ್ಸು" ಅಂದರು. ಸತ್ತ ಕಪ್ಪೆಯ ಕಾಲೂ ಅದುರುತ್ತದೆ, ಅದು ನಿಜವೇ. ಆದರೆ ನಾನು ನೋಡಿದ್ದು ಕಾಲನ್ನು ಮಾತ್ರ ಅಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಂತೂ ಮುಂದುವರಿಸಿದೆ. ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬಿಡಿಸಿದೆ, ಒಳ್ಳೆಯ ಅಂಕವೂ ಬಂತು.

ಇದನ್ನೆಲ್ಲ ಮರೆತೇಬಿಟ್ಟಿದ್ದೆ. ಮತ್ತೆ ಕೆದಕಿದ್ದು ಅಮ್ಮನ ಸಕ್ಕರೆ ಕಾಯಿಲೆ. ಅಮ್ಮನಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. "ಈ ಹಾರ್ಮೋನು ಅಂದ್ರೆ ಏನೋ?" ಅಂತ ಅವಳು ಒಮ್ಮೆ ಕೇಳಿದ್ದಕ್ಕೆ, ಆ ಪದ ಎಲ್ಲಿಂದ ಬಂತು ಅಂತ ನೋಡಲು ಹೋದೆ. ಅದನ್ನು ಚಲಾವಣೆಗೆ ತಂದವನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್, 1905ರಲ್ಲಿ. ಅವನೂ ಅವನ ಭಾವ ವಿಲಿಯಂ ಬೇಲಿಸ್ಸೂ ಸೇರಿ 1902ರಲ್ಲಿ ಸೆಕ್ರೆಟಿನ್ ಅನ್ನುವ ಮೊದಲ ಹಾರ್ಮೋನನ್ನು ಕಂಡುಹಿಡಿದಿದ್ದರು, ಒಂದು ನಾಯಿಯ ಮೇಲೆ ಪ್ರಯೋಗ ಮಾಡಿ. ಹಾಗೇ ಓದುತ್ತಾ ಹೋದರೆ ಇದೇ ಇಬ್ಬರ ಹೆಸರು ಇನ್ನೊಂದು ನಾಯಿಯ ಜೊತೆಗೂ ಅಂಟಿಕೊಂಡಿದೆ. ಅದರ ಸಲುವಾಗಿ ಕೋರ್ಟು ಕಟ್ಟೆ ಹತ್ತಿದ್ದಾರೆ, ಬೀದಿಯಲ್ಲಿ ಹೊಡೆದಾಟ ಆಗಿದೆ, ಒಂದು ಸರ್ಕಾರಿ ಆಯೋಗ ಕೂತಿದೆ. ಆ ಕಥೆ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ನಾಯಿಗೆ ಬರುವ ಮುಂಚೆ ಕಾನೂನಿನ ಕಥೆ ಒಂದಿಷ್ಟು.

ಇಂಗ್ಲೆಂಡಿನಲ್ಲಿ ದನ, ಕುದುರೆಗಳನ್ನು ಹಿಂಸಿಸಬಾರದು ಅಂತ 1822ರಲ್ಲೇ ಕಾನೂನು ಬಂದಿತ್ತು. ಗಾಡಿಯವನು ಕುದುರೆಗೆ ಚಾಟಿ ಬೀಸಿದರೆ ಕಟಕಟೆ ಹತ್ತಿಸಬಹುದಿತ್ತು. ಆದರೆ ಪ್ರಯೋಗಶಾಲೆಯೊಳಗಿನ ಮೇಷ್ಟ್ರ ಮೇಲೆ ಯಾರ ಕಣ್ಣೂ ಇರಲಿಲ್ಲ. ಅಲ್ಲಿ ಅಂಥ ಪ್ರಯೋಗಗಳೂ ಕಡಿಮೆಯೇ, ಅದೆಲ್ಲ ಫ್ರಾನ್ಸ್, ಜರ್ಮನಿಯವರ ಕೆಲಸ ಅಂತ ಇಂಗ್ಲಿಷರು ಮೂಗು ಮುರಿಯುತ್ತಿದ್ದರು. 1873ರಲ್ಲಿ ಬರ್ಡನ್ ಸ್ಯಾಂಡರ್ಸನ್ ಮತ್ತು ಸಂಗಡಿಗರು ಶರೀರಶಾಸ್ತ್ರದ ಪ್ರಯೋಗಗಳಿಗೆ ಒಂದು ಕೈಪಿಡಿ ತಂದರು. ಅದರ ಎಷ್ಟೋ ಪ್ರಯೋಗಗಳಲ್ಲಿ ಅರಿವಳಿಕೆ ಕೊಡಿ ಅನ್ನುವ ಮಾತೇ ಇಲ್ಲ ಅಂತ ಗಲಾಟೆಯಾಯಿತು. ಮರುವರ್ಷ ನಾರ್ವಿಚ್‌ನಲ್ಲಿ ವೈದ್ಯರ ಸಮ್ಮೇಳನ. ಫ್ರಾನ್ಸಿನಿಂದ ಬಂದ ಮ್ಯಾಗ್ನನ್ ಅನ್ನುವ ವೈದ್ಯ ಎಲ್ಲರೆದುರು ನಾಯಿಗೆ ಆಬ್ಸಿಂತ್ ಎಂಬ ಮದ್ಯವನ್ನು ಚುಚ್ಚಿ ತೋರಿಸಲು ಹೊರಟ. ನೆರೆದಿದ್ದ ವೈದ್ಯರಲ್ಲೇ ಕೆಲವರು ಎದ್ದು ಪ್ರತಿಭಟಿಸಿದರು. ಪ್ರಾಣಿದಯಾ ಸಂಘ ಕೇಸು ಹಾಕಿತು. ಅಷ್ಟರಲ್ಲಿ ಆಸಾಮಿ ಫ್ರಾನ್ಸಿಗೆ ವಾಪಸ್ ಹೋಗಿಯಾಗಿತ್ತು, ಕೇಸೂ ನಿಲ್ಲಲಿಲ್ಲ.

1875ರಲ್ಲಿ ರಾಯಲ್ ಕಮಿಷನ್ ಕೂತಿತು. ಅದರ ಮುಂದೆ ಬಂದ ಸಾಕ್ಷಿಗಳಲ್ಲಿ ಇಬ್ಬರನ್ನು ಮರೆಯಲಾಗದು. ಒಬ್ಬ ಎಮಾನುಯೆಲ್ ಕ್ಲೈನ್, ಮೇಲೆ ಹೇಳಿದ ಕೈಪಿಡಿ ಬರೆದವರಲ್ಲಿ ಒಬ್ಬ. ಪ್ರಾಣಿಯ ನೋವಿನ ಬಗ್ಗೆ ತನಗೆ ಯಾವ ಗಮನವೂ ಇಲ್ಲ, ಅರಿವಳಿಕೆ ಕೊಡುವುದು ಅದು ಕಚ್ಚದಿರಲಿ, ಪರಚದಿರಲಿ ಅಂತ ಅಷ್ಟೇ ಎಂದು ಕಮಿಷನ್ನಿನ ಎದುರೇ ಹೇಳಿದ. ಅವನ ಪರ ಇದ್ದವರೇ ತಲೆ ಮೇಲೆ ಕೈ ಹೊತ್ತರು. ಇನ್ನೊಬ್ಬ ಚಾರ್ಲ್ಸ್ ಡಾರ್ವಿನ್. ಈ ವಿಷಯ ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಪತ್ರ ಬರೆದವನು ಅವನು, ಹಾಗಂತ ಪ್ರಯೋಗ ನಿಲ್ಲಿಸಿದರೆ ಶರೀರಶಾಸ್ತ್ರ ಮುಂದೆ ಹೋಗುವುದಿಲ್ಲ ಅಂತ ನಂಬಿದವನೂ ಅವನೇ. ಅರಿವಳಿಕೆ ಕೊಡಬಹುದಾದ ಕಡೆಯೂ ಕೊಡದೆ ಪ್ರಯೋಗ ಮಾಡುವವನು ಹೇಸಿಗೆಗೆ ಅರ್ಹ ಎಂಬರ್ಥದ ಮಾತನ್ನು ಸಾಕ್ಷ್ಯದಲ್ಲಿ ಹೇಳಿದ. ನನಗೆ ಡಾರ್ವಿನ್ನನ ಈ ಇಬ್ಬಂದಿತನ ಇಷ್ಟ. ಕ್ಲೈನನ ಹಾಗೆ ನಿಶ್ಚಿಂತೆಯಿಂದ ಇರುವುದಕ್ಕಿಂತ ಇದು ವಾಸಿ.

1876ರಲ್ಲಿ ಕಾಯ್ದೆ ಬಂತು. ಪ್ರಾಣಿಪ್ರಯೋಗದ ಮೇಲೆ ನಿಗಾ ಇಡಲೆಂದೇ ಒಂದು ದೇಶ ಮಾಡಿದ ಮೊದಲ ಕಾನೂನು ಇದು ಅಂತ ಹೇಳುತ್ತಾರೆ. ಹೋರಾಟದ ಮುಂಚೂಣಿಯಲ್ಲಿದ್ದವಳು ಫ್ರಾನ್ಸಿಸ್ ಪವರ್ ಕಾಬ್ ಎಂಬ ಐರಿಶ್ ಹೆಂಗಸು, ವಿಕ್ಟೋರಿಯಾ ರಾಣಿಯ ಸಹಾನುಭೂತಿಯೂ ಆ ಕಡೆಗೇ ಇತ್ತು. ಆದರೆ ಮಸೂದೆ ಮಂಡನೆಯಾದ ಮೇಲೆ ಸಾವಿರಾರು ವೈದ್ಯರು ಸಹಿ ಹಾಕಿ ಒತ್ತಡ ತಂದರು, ಕೊನೆಗೆ ಹೊರಬಿದ್ದಿದ್ದು ನೀರು ಬೆರೆಸಿದ ಮಜ್ಜಿಗೆ. ಪ್ರಯೋಗ ಮಾಡುವವನಿಗೆ ಲೈಸೆನ್ಸ್ ಬೇಕು. ಪ್ರಾಣಿಗೆ ಅರಿವಳಿಕೆ ಕೊಡಬೇಕು. ನೋವು ಉಳಿಯುವಂತಿದ್ದರೆ ಎಚ್ಚರವಾಗುವ ಮೊದಲೇ ಕೊಲ್ಲಬೇಕು. ಒಂದು ಪ್ರಯೋಗಕ್ಕೆ ಬಳಸಿದ್ದನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಇಷ್ಟೆಲ್ಲ ಒಂದು ಕೈಯಲ್ಲಿ. ಈ ನಿಯಮ ಬೇಡ ಅನ್ನುವವರಿಗೆ ವಿನಾಯಿತಿ ಸರ್ಟಿಫಿಕೇಟುಗಳು ಇನ್ನೊಂದು ಕೈಯಲ್ಲಿ. ಎಲ್ಲಕ್ಕಿಂತ ಜಾಣ ಕಲಮು ಯಾವುದೆಂದರೆ, ಲೈಸೆನ್ಸ್ ಇದ್ದವರ ಮೇಲೆ ಕೇಸು ಹಾಕಬೇಕಾದರೆ ಗೃಹಮಂತ್ರಿಯ ಲಿಖಿತ ಒಪ್ಪಿಗೆ ಬೇಕು! ಆಮೇಲೆ 1882ರಲ್ಲಿ ವೈದ್ಯವಿಜ್ಞಾನಿಗಳು ಒಂದು ಸಂಘ ಕಟ್ಟಿಕೊಂಡರು. ಲೈಸೆನ್ಸ್ ಯಾರಿಗೆ ಕೊಡಬಹುದು ಅಂತ ಗೃಹ ಇಲಾಖೆಗೆ ಸಲಹೆ ಕೊಡುತ್ತಿದ್ದದ್ದು ಅದೇ ಸಂಘ. ಪರೀಕ್ಷೆ ಬರೆಯುವವರೇ ಪೇಪರ್ ತಿದ್ದಿದ ಹಾಗೆ.

ಆದರೂ ಆ ಕಾಯ್ದೆಯಲ್ಲಿ ಒಂದು ಸಾಲಿಗೆ ನಾನು ಕೈಮುಗಿಯುತ್ತೇನೆ. ಕ್ಯುರಾರೆ ಎಂಬ ವಿಷವನ್ನು ಅರಿವಳಿಕೆ ಅಂತ ಪರಿಗಣಿಸಬಾರದು ಅಂತ ಅದರಲ್ಲಿ ಹೆಸರು ಹಿಡಿದು ಬರೆದಿದ್ದಾರೆ. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಹಚ್ಚುತ್ತಿದ್ದ ವಿಷ ಅದು. ಪ್ರಾಣಿಯ ಸ್ನಾಯುಗಳನ್ನೆಲ್ಲ ನಿಷ್ಕ್ರಿಯ ಮಾಡುತ್ತದೆ, ಆದರೆ ಪ್ರಜ್ಞೆಯನ್ನಾಗಲಿ ನೋವನ್ನಾಗಲಿ ತೆಗೆಯುವುದಿಲ್ಲ. ನೋಡುವವರಿಗೆ ಪ್ರಾಣಿ ಶಾಂತವಾಗಿ ಮಲಗಿದ ಹಾಗೆ ಕಾಣುತ್ತದೆ. ಮೇಜಿನ ಮೇಲಿರುವುದು ಅಲ್ಲಾಡಿದರೆ ನೋವಿದೆ, ಅಲ್ಲಾಡದಿದ್ದರೆ ಇಲ್ಲ ಅಂತ ತಿಳಿಯುವ ಹಾಗಿಲ್ಲ ಎನ್ನುವುದನ್ನು 1876ರಲ್ಲೇ ಪಾರ್ಲಿಮೆಂಟು ಒಪ್ಪಿಕೊಂಡಿತ್ತು. ಹಾಗಾದರೆ ನೋವು ಇದೆಯೋ ಇಲ್ಲವೋ ಅಂತ ಹೇಳಬೇಕಾದವರು ಯಾರು? ಕಾಯ್ದೆಯ ಪ್ರಕಾರ ಲೈಸೆನ್ಸ್ ಇದ್ದವನು, ಯಾವಾಗಲಾದರೂ ಬಂದು ಹೋಗುವ ಬೆರಳೆಣಿಕೆಯ ಇನ್ಸ್‌ಪೆಕ್ಟರುಗಳು. 1875ರಲ್ಲಿ ವರ್ಷಕ್ಕೆ ಮುನ್ನೂರರಷ್ಟಿದ್ದ ಪ್ರಯೋಗಗಳು 1903ರ ಹೊತ್ತಿಗೆ 19 ಸಾವಿರ ದಾಟಿದ್ದವು.

ಈಗ ನಾಯಿ.

ಸ್ವೀಡನ್ನಿನ ಇಬ್ಬರು ಯುವತಿಯರು, ಲಿಝಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ, 1902ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಡಾಕ್ಟರಾಗಲಿಕ್ಕಲ್ಲ, ಒಳಗೆ ಏನು ನಡೆಯುತ್ತದೆ ಅಂತ ಕಣ್ಣಾರೆ ಕಂಡು ಬರೆಯಲಿಕ್ಕೆ. ಆ ಕಾಲೇಜಿನಲ್ಲಿ ಜೀವಂತ ಪ್ರಾಣಿಗಳ ಮೇಲೆ ಪ್ರಯೋಗ ಇರಲಿಲ್ಲ, ಆದರೆ ಅಲ್ಲಿನ ವಿದ್ಯಾರ್ಥಿನಿಯರು ಬೇರೆ ಕಾಲೇಜುಗಳ ಪ್ರಾತ್ಯಕ್ಷಿಕೆಗೆ ಹೋಗಬಹುದಿತ್ತು. ಇಬ್ಬರೂ ಹೋಗಿ ಕೂತು, ದಿನಚರಿ ಬರೆದರು.

1903ರ ಫೆಬ್ರವರಿ 2. ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಪಾಠ, ಅರವತ್ತರಷ್ಟು ವಿದ್ಯಾರ್ಥಿಗಳು. ಮೇಜಿನ ಮೇಲೆ ಟೆರಿಯರ್ ಜಾತಿಯ ಒಂದು ಕಂದು ನಾಯಿ. ಹಿಂದಿನ ಡಿಸೆಂಬರಿನಲ್ಲೇ ಸ್ಟಾರ್ಲಿಂಗ್ ಅದರ ಹೊಟ್ಟೆ ತೆರೆದು ಮೇದೋಜೀರಕದ ನಾಳವನ್ನು ಕಟ್ಟಿ, ಹೊಲಿದು, ಗೂಡಿನಲ್ಲಿ ಇಟ್ಟಿದ್ದ. ಈ ದಿನ ಮೊದಲು ಸ್ಟಾರ್ಲಿಂಗ್ ಮತ್ತೆ ಹೊಟ್ಟೆ ತೆರೆದು ಹಳೆಯ ಪ್ರಯೋಗದ ಫಲ ನೋಡಿದ, ಆಮೇಲೆ ಅದನ್ನು ಬೇಲಿಸ್‌ಗೆ ಒಪ್ಪಿಸಿದ. ಬೇಲಿಸ್ ಕುತ್ತಿಗೆ ಕೊಯ್ದು ಜೊಲ್ಲುಗ್ರಂಥಿಯ ನರಕ್ಕೆ ವಿದ್ಯುತ್ ಹಾಯಿಸಿ, ಏನನ್ನೋ ತೋರಿಸಲು ಅರ್ಧ ಗಂಟೆ ಪ್ರಯತ್ನಿಸಿದ, ಅದು ಆಗಲಿಲ್ಲ. ಕೊನೆಗೆ ನಾಯಿಯನ್ನು ಹೆನ್ರಿ ಡೇಲ್ ಎಂಬ ಲೈಸೆನ್ಸ್ ಇಲ್ಲದ ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟರು. ಅವನು ಮೇದೋಜೀರಕ ತೆಗೆದುಕೊಂಡು ಅದನ್ನು ಕೊಂದ. (ಈ ಡೇಲ್‌ಗೆ 1936ರಲ್ಲಿ ನೊಬೆಲ್ ಬಂತು.)

ಹುಡುಗಿಯರು ಬರೆದುಕೊಂಡದ್ದು ಎರಡು ವಿಷಯ. ಅದರ ಮೈಮೇಲೆ ಹಳೆಯ ಗಾಯ ಇತ್ತು. ಮತ್ತು, ಅದು ಒದ್ದಾಡುತ್ತಿತ್ತು, ಅರಿವಳಿಕೆಯ ವಾಸನೆ ಬರಲಿಲ್ಲ. ಆ ಅಧ್ಯಾಯಕ್ಕೆ ಅವರು 'ತಮಾಷೆ' ಅಂತ ಹೆಸರಿಟ್ಟರು, ತರಗತಿಯಲ್ಲಿ ನಗು ಕೇಳಿಸುತ್ತಿತ್ತಂತೆ.

ದಿನಚರಿಯನ್ನು ಸ್ಟೀಫನ್ ಕೋಲ್ರಿಜ್ ಎಂಬ ವಕೀಲನಿಗೆ ತೋರಿಸಿದರು. ಪ್ರಾಣಿಪ್ರಯೋಗ ವಿರೋಧಿ ಸಂಘದ ಕಾರ್ಯದರ್ಶಿ ಅವನು. ಕಾಯ್ದೆಯಡಿ ಕೇಸು ಹಾಕೋಣವೆಂದರೆ ಗೃಹಮಂತ್ರಿಯ ಒಪ್ಪಿಗೆಯ ಬೀಗ. ಅದಕ್ಕೆ ಅವನು ಅಡ್ಡದಾರಿ ಹಿಡಿದ. ಮೇ 1ರಂದು ತುಂಬಿದ ಸಭೆಯಲ್ಲಿ ಇದು ಚಿತ್ರಹಿಂಸೆ ಅಂತ ಬಹಿರಂಗವಾಗಿ ಆಪಾದಿಸಿದ. ಬೇಲಿಸ್ ಮಾನನಷ್ಟದ ಕೇಸು ಹಾಕಿದ, ಹಾಗೆ ವಿಷಯ ಕೋರ್ಟಿಗೆ ಬಂತು.

ನವೆಂಬರಿನಲ್ಲಿ ವಿಚಾರಣೆ. ನಾಯಿಗೆ ಮಾರ್ಫಿನ್ ಕೊಟ್ಟಿತ್ತು, ಅರಿವಳಿಕೆಯ ಮಿಶ್ರಣ ಕೊಳವೆಯಲ್ಲಿ ಹರಿಯುತ್ತಿತ್ತು, ಅದು ನೋಡುವವರ ಕಣ್ಣಿಗೆ ಕಾಣುವ ಹಾಗಿರಲಿಲ್ಲ ಅಷ್ಟೆ ಎಂದು ಬೇಲಿಸ್ ಕಡೆಯವರ ವಾದ. ಹಾಗಾದರೆ ಅಲ್ಲಾಡಿದ್ದು? ನಾಯಿಗೆ ಮೊದಲೇ ಒಂದು ಕಾಯಿಲೆ ಇತ್ತು, ಅದರಿಂದ ಸ್ನಾಯುಗಳು ತಾವಾಗಿಯೇ ಅದುರುತ್ತಿದ್ದವು. ಇದನ್ನು ಓದಿದಾಗ ನನಗೆ ನಮ್ಮ ಲೆಕ್ಚರರ ದನಿ ಕೇಳಿಸಿತು. ರಿಫ್ಲೆಕ್ಸ್ ಕಣೋ ಅದು.

ಬೇಲಿಸ್ ಹೇಳಿದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಷ್ಟು ಸೂಕ್ಷ್ಮದ ಪ್ರಯೋಗವನ್ನು ಒದ್ದಾಡುವ ನಾಯಿಯ ಮೇಲೆ ಮಾಡಲು ಸಾಧ್ಯವೇ ಇಲ್ಲ ಎನ್ನುವುದು ಬಲವಾದ ವಾದವೇ. ಜ್ಯೂರಿಯೂ ನಂಬಿತು. 25 ನಿಮಿಷದಲ್ಲಿ ತೀರ್ಮಾನ, ಕೋಲ್ರಿಜ್ 2,000 ಪೌಂಡ್ ಪರಿಹಾರ, 3,000 ಪೌಂಡ್ ಖರ್ಚು ಕೊಡಬೇಕು. ಬೇಲಿಸ್ ಆ 2,000 ಪೌಂಡನ್ನು ಕಾಲೇಜಿನ ಸಂಶೋಧನೆಗೇ ಕೊಟ್ಟ. ಡೈಲಿ ನ್ಯೂಸ್ ಪತ್ರಿಕೆಯ ಓದುಗರು ಚಂದಾ ಎತ್ತಿ ಕೋಲ್ರಿಜ್‌ನ ಪೂರ್ತಿ ದುಡ್ಡು ತುಂಬಿಕೊಟ್ಟರು. ಹುಡುಗಿಯರ ಪುಸ್ತಕದಿಂದ 'ತಮಾಷೆ' ಅಧ್ಯಾಯ ಹೋಯಿತು.

ಆದರೆ ಅದೇ ಕೋರ್ಟಿನಲ್ಲಿ ಸ್ಟಾರ್ಲಿಂಗ್ ಇನ್ನೊಂದು ಮಾತು ಒಪ್ಪಿಕೊಂಡ. ಹೌದು, ಒಂದೇ ನಾಯಿಯನ್ನು ಎರಡು ಸಲ ಬಳಸಿದೆವು, ಅದು ಕಾನೂನಿಗೆ ವಿರುದ್ಧ, ಎರಡನೇ ನಾಯಿಯ ಜೀವ ಉಳಿಸೋಣ ಅಂತ ಹಾಗೆ ಮಾಡಿದೆವು ಎಂದು. ಅಂದರೆ ಹುಡುಗಿಯರು ಬರೆದ ಎರಡು ವಿಷಯದಲ್ಲಿ ಒಂದು ನಿಜವೇ ಆಗಿತ್ತು. ಆ ಹಳೆಯ ಗಾಯವನ್ನು ಯಾವ ಇನ್ಸ್‌ಪೆಕ್ಟರೂ ನೋಡಿರಲಿಲ್ಲ. ನೋಡಿದ್ದು ಕ್ಲಾಸಿನಲ್ಲಿ ಪುಸ್ತಕ ಹಿಡಿದು ಕೂತಿದ್ದವರು.

ಮುಂದಿನದ್ದು ಸಿನಿಮಾ ಥರ ಇದೆ, ಬೇಗ ಹೇಳಿಬಿಡುತ್ತೇನೆ. 1906ರ ಸೆಪ್ಟೆಂಬರಿನಲ್ಲಿ ಬ್ಯಾಟರ್‌ಸೀ ಎಂಬ ಕಾರ್ಮಿಕರ ಪೇಟೆಯಲ್ಲಿ ಆ ನಾಯಿಗೆ ಒಂದು ಕಂಚಿನ ಪ್ರತಿಮೆ ನಿಂತಿತು. ಉದ್ಘಾಟನೆಯಲ್ಲಿ ಬರ್ನಾರ್ಡ್ ಷಾ ಮಾತಾಡಿದ. 1902ರಲ್ಲಿ ಅದೇ ಜಾಗದಲ್ಲಿ ಕೊಯ್ದ 232 ನಾಯಿಗಳ ಲೆಕ್ಕವನ್ನೂ ಕಲ್ಲಿನ ಮೇಲೆ ಕೆತ್ತಿದ್ದರು. ಮೆಡಿಕಲ್ ವಿದ್ಯಾರ್ಥಿಗಳಿಗೆ ಮೈಯೆಲ್ಲ ಉರಿದುಹೋಯಿತು. 1907ರ ಡಿಸೆಂಬರ್ 10ರಂದು ಸಾವಿರದಷ್ಟು ಹುಡುಗರು ಟ್ರಾಫಾಲ್ಗರ್ ಚೌಕದಲ್ಲಿ ಪೊಲೀಸರ ಜೊತೆ ಹೊಡೆದಾಡಿದರು. ಪ್ರತಿಮೆಗೆ ಹಗಲೂ ರಾತ್ರಿ ಪೊಲೀಸ್ ಕಾವಲು, ವರ್ಷಕ್ಕೆ 700 ಪೌಂಡ್ ಖರ್ಚು. ಪ್ರತಿಮೆಗೆ ತಗುಲಿದ್ದೇ 120 ಪೌಂಡ್! ಕೌನ್ಸಿಲ್ ಬದಲಾದ ಮೇಲೆ, 1910ರ ಮಾರ್ಚಿನ ಒಂದು ರಾತ್ರಿ, 120 ಪೊಲೀಸರ ಕಾವಲಿನಲ್ಲಿ ಅದನ್ನು ಕಿತ್ತು ಸಾಗಿಸಿದರು. ಹೊಸದೊಂದು ನಾಯಿ ಪ್ರತಿಮೆ 1985ರಲ್ಲಿ ಬ್ಯಾಟರ್‌ಸೀ ಪಾರ್ಕಿಗೆ ಬಂತು. ಈ ಗಲಾಟೆಯ ನಡುವೆ 1906ರಲ್ಲಿ ಕೂತ ಎರಡನೇ ರಾಯಲ್ ಕಮಿಷನ್ 1912ರಲ್ಲಿ ವರದಿ ಕೊಟ್ಟಿತು, ಇನ್ಸ್‌ಪೆಕ್ಟರುಗಳ ಸಂಖ್ಯೆ ಹೆಚ್ಚಿಸಿ ಅಂದಿತು. ಕಾಯ್ದೆ ಮಾತ್ರ 1986ರಲ್ಲಿ ಹೊಸದು ಬರುವವರೆಗೆ, 110 ವರ್ಷ, ಹಾಗೇ ಇತ್ತು.

ಇಲ್ಲಿಗೆ ಇಂಗ್ಲೆಂಡಿನ ಕಥೆ ಮುಗಿಯಿತು, ನಮಗೇನು ಸಂಬಂಧ ಅನ್ನಬಹುದು. ನಾನೂ ಹಾಗೇ ಅಂದುಕೊಂಡು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ತೆರೆದು ನೋಡಿದೆ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು, ಸರ್ಕಾರವೇ ಒಂದನ್ನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ಹಿಂದೆ ತೆಗೆದುಕೊಂಡಿದ್ದರು. ಹಾಗೆ ಬಂದ ಕಾಯ್ದೆ ಇದು. ಅದರ 14ನೇ ಕಲಮು ಪ್ರಯೋಗಗಳಿಗೆ ರಿಯಾಯಿತಿ ಕೊಡುತ್ತದೆ. ಹೊಸ ಶೋಧದಿಂದ ಶರೀರಶಾಸ್ತ್ರದ ಜ್ಞಾನ ಬೆಳೆಸಲು, ಜೀವ ಉಳಿಸಲು, ನೋವು ಕಡಿಮೆ ಮಾಡಲು... ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. 1876ರ ಕಾಯ್ದೆ ಪಕ್ಕದಲ್ಲಿಟ್ಟು ನೋಡಿದರೆ ಆ ಪದಗುಚ್ಛ ಹೆಚ್ಚುಕಡಿಮೆ ಯಥಾವತ್ತು! ವಿಕ್ಟೋರಿಯಾ ಕಾಲದ ಮಾತುಗಳು ಸ್ವತಂತ್ರ ಭಾರತದ ಕಾಯ್ದೆಯೊಳಗೆ ಆರಾಮಾಗಿ ಕೂತಿವೆ. ಪದಗಳು ಬಂದವು, ಲೈಸೆನ್ಸ್ ಪದ್ಧತಿ ಬರಲಿಲ್ಲ. ಬೇಕು ಅನ್ನಿಸಿದರೆ ಸರ್ಕಾರ ಒಂದು ಸಮಿತಿ ಮಾಡಬಹುದು ಅಂತ ಬರೆದರು. ಸಮಿತಿ 1964ರಲ್ಲಿ ಆಯಿತು.

ನಾನು ತಡವರಿಸಿದ್ದು 17ನೇ ಕಲಮಿನಲ್ಲಿ. ಸಮಿತಿ ಮಾಡುವ ನಿಯಮಗಳ ಗುರಿ ಏನಿರಬೇಕು ಅಂತ ಅಲ್ಲಿ ಪಟ್ಟಿ ಇದೆ. ಅರಿವಳಿಕೆ ಇದೆ, ಎಚ್ಚರವಾಗುವ ಮೊದಲು ಕೊಲ್ಲುವುದಿದೆ, ಅವೆಲ್ಲ ಹಳೆಯ ಪರಿಚಯದವೇ. ಅವುಗಳ ನಡುವೆ ಇದೂ ಇದೆ: ಶಾಲೆ ಕಾಲೇಜುಗಳಲ್ಲಿ ಪುಸ್ತಕ, ಮಾಡೆಲ್, ಫಿಲ್ಮುಗಳಿಂದ ಕೆಲಸ ಆಗುವುದಾದರೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ತಪ್ಪಿಸಬೇಕು. ಬರೀ ಕೈಚಳಕ ಕಲಿಯಲು ಪ್ರಯೋಗ ಆದಷ್ಟೂ ಬೇಡ.

1960ರಲ್ಲಿ! ನಾನು ಆಗ ಹುಟ್ಟಿರಲಿಲ್ಲ. ನಮ್ಮ ಲ್ಯಾಬಿನ ಗೋಡೆಯ ಮೇಲೆ ಕಪ್ಪೆಯ ಒಳಾಂಗಗಳ ದೊಡ್ಡ ಬಣ್ಣದ ಚಾರ್ಟ್ ತೂಗುತ್ತಿತ್ತು. ಕೊಯ್ದಾದ ಮೇಲೆ ನಾವೆಲ್ಲ ರೆಕಾರ್ಡಿಗೆ ಚಿತ್ರ ಬರೆದದ್ದು ಕಪ್ಪೆ ನೋಡಿ ಅಲ್ಲ, ಆ ಚಾರ್ಟ್ ನೋಡಿ. ಕಪ್ಪೆಯ ಕಾಲಿನ ರಫ್ತನ್ನು 1987ರಲ್ಲೇ ಸರ್ಕಾರ ನಿಷೇಧಿಸಿತ್ತು. ನಮ್ಮ ಅಟೆಂಡರ ಗೋಣಿಚೀಲಕ್ಕೆ ಯಾವ ನಿಷೇಧವೂ ತಟ್ಟಲಿಲ್ಲ.

ನಿಯಮ ಮೀರಿದವರಿಗೆ ಆ ಕಾಯ್ದೆ ಇಟ್ಟ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 200 ರೂಪಾಯಿ.

ಪ್ರಯೋಗ ಮಾಡುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಒಳಗೊಂದು ನೈತಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೂ ಕೂರಬೇಕು ಅನ್ನುವ ಬಿಗಿಯಾದ ನಿಯಮಗಳು 1998ರಲ್ಲಿ ಬಂದವು. ಮೇನಕಾ ಗಾಂಧಿ ಆ ಸಮಿತಿಯ ಮುಖ್ಯಸ್ಥೆಯಾಗಿದ್ದ ಕಾಲ ಅದು, ವಿಜ್ಞಾನಿಗಳಿಗೂ ಅವರಿಗೂ ಜಟಾಪಟಿ ಜೋರಾಗೇ ನಡೆಯಿತು. ಡಿಗ್ರಿ ಕಾಲೇಜುಗಳಲ್ಲಿ ಡಿಸೆಕ್ಷನ್ ಕಡಿಮೆ ಮಾಡಿ ಅಂತ ಯುಜಿಸಿ ಹೇಳಿದ್ದು 2011ರಲ್ಲಿ, ಪೂರ್ತಿ ನಿಲ್ಲಿಸಿ ಅಂದಿದ್ದು 2014ರಲ್ಲಿ. ಕಾಯ್ದೆಯ ಒಂದು ಸಾಲು ಕ್ಲಾಸ್ ರೂಮು ಮುಟ್ಟಲು 54 ವರ್ಷ.

ಇದನ್ನೆಲ್ಲ ಬರೆಯುತ್ತಿರುವಾಗ ಫ್ರಿಜ್ಜಿನಲ್ಲಿ ಅಮ್ಮನ ಇನ್ಸುಲಿನ್ ಇದೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದರ ಬೆನ್ನು ಹತ್ತಿದ್ದೂ ನಾಯಿಗಳ ಮೇದೋಜೀರಕದ ನಾಳ ಕಟ್ಟಿಯೇ, ಕಂದು ನಾಯಿಗೆ ಸ್ಟಾರ್ಲಿಂಗ್ ಡಿಸೆಂಬರಿನಲ್ಲಿ ಮಾಡಿದ ಹಾಗೆಯೇ. ಆ ನಾಯಿಗಳು ಇಲ್ಲದಿದ್ದರೆ ಅಮ್ಮ ಇಷ್ಟು ವರ್ಷ ಇರುತ್ತಿರಲಿಲ್ಲ. ಹಾಗಾಗಿ ಪ್ರಯೋಗವೇ ಬೇಡ ಅನ್ನುವವರ ಸಾಲಿನಲ್ಲಿ ನಿಲ್ಲಲು ನನಗೆ ಬಾಯಿಲ್ಲ. ಆದರೆ ನನ್ನ ಕಪ್ಪೆಯಿಂದ ಯಾರ ಅಮ್ಮನೂ ಬದುಕಲಿಲ್ಲ.

ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು. ಕಪ್ಪೆ ಉಸಿರಾಡುವಾಗ ಗಂಟಲಿನ ಕೆಳಗಿನ ತೆಳು ಚರ್ಮ ಒಂದೇ ಲಯದಲ್ಲಿ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಬಚ್ಚಲ ಹತ್ತಿರ ಕೂತ ಕಪ್ಪೆಗಳಲ್ಲಿ ಚಿಕ್ಕಂದಿನಿಂದ ನೋಡಿದವನು ನಾನು. ಆವತ್ತು ಟ್ರೇ ಮೇಲೆ ಅದರ ಗಂಟಲು ಆಡುತ್ತಿತ್ತು. ಲೆಕ್ಚರರು ದೂರದಿಂದ ಕಾಲು ಮಾತ್ರ ನೋಡಿದರು. ಗಂಟಲು ನೋಡಿದವನು ನಾನೊಬ್ಬನೇ, ನಾನು ಹೇಳಲಿಲ್ಲ.

ಅಕ್ಕನ ಮಗಳು ನಿನ್ನೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಏನ್ ಮಾಡಿದ್ರಿ ಮಾಮ?" ಅಂದಳು. ಹೃದಯದ ಮೂರು ಕೋಣೆ ಗುರುತಿಸಿದೆ ಅಂದೆ.

ನಿಮ್ಮ ಕಾಲೇಜಿನಲ್ಲಿ ಹೇಗಿತ್ತು? ಕೊಯ್ಯಲ್ಲ ಅಂತ ಎದ್ದು ಹೇಳಿದವರು ಯಾರಾದರೂ ಇದ್ದರೆ ಬರೀರಿ, ಓದುವ ಆಸೆ.